ಸುಳ್ಳು ಹೇಳೋಕೆ ನಾಟಕವೇ ಯಾಕೆ ಸಿಕ್ಕಿತು?

ಥ್ಯಾಂಕ್ಸ್‌ಗಿವಿಂಗ್ ಮುಗಿದು ಕ್ರಿಸ್‌ಮಸ್ ರಜೆ ಶುರುವಾಗುವುದರೊಳಗೆ, ಅಮೆರಿಕದಲ್ಲಿರುವ ನಮ್ಮ ಕನ್ನಡದ ಮನೆಗಳಿಂದ ಒಂದು ದೂರು ಪ್ರತಿವರ್ಷ, ಇಂಥ ಮನೆಗಳಿಗೆ ಸಲಹೆ ಕೊಡುವ ನನ್ನ ಹತ್ತಿರ ಬರುತ್ತದೆ. ಹೈಸ್ಕೂಲಿನ ಮಗಳೋ ಮಗನೋ ವಿಂಟರ್ ಫಾರ್ಮಲ್‌ಗೆ ಹೋಗಬೇಕು ಅನ್ನುತ್ತಾರೆ. ಅಂದರೆ ಚಳಿಗಾಲದ ರಜೆಗೆ ಮುಂಚೆ ಶಾಲೆಯೇ ನಡೆಸುವ ಡ್ಯಾನ್ಸ್. ಮನೆಯಲ್ಲಿ ಬೇಡ ಅನ್ನುತ್ತಾರೆ. ನಡುವೆ ಒಂದು ಸುಳ್ಳು ಹೊರಬೀಳುತ್ತದೆ. ಆಮೇಲೆ ಕೊಡುವ ಶಿಕ್ಷೆ ಇದೆಯಲ್ಲ, ಅದು ಬಹಳ ಸಲ ಡ್ಯಾನ್ಸ್‌ಗೆ ಸಂಬಂಧವೇ ಇಲ್ಲದ ಒಂದು ಒಳ್ಳೆಯ ಕೆಲಸದ ಮೇಲೆ ಬಂದು ಬೀಳುತ್ತದೆ. ನನಗೆ ನೋವು ಕೊಡುವುದು ಅದು. ಈ ಪ್ರಕರಣ ಬರೆಯುತ್ತಿರುವುದೂ ಅದಕ್ಕೇ. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.

ಹುಡುಗಿಗೆ ಹದಿನಾರು, ಹನ್ನೊಂದನೇ ಕ್ಲಾಸು. ಅಪ್ಪ ಅಮ್ಮ ಕರಾವಳಿಯವರು, ಇಬ್ಬರೂ ಸಾಫ್ಟ್‌ವೇರ್‌ನಲ್ಲಿ. ಶಾಲೆಯ ನಾಟಕದಲ್ಲಿ ಆಕೆ ಸ್ಟೇಜ್ ಮ್ಯಾನೇಜರ್. ಒಂದು ಶನಿವಾರ ರಿಹರ್ಸಲ್ ಇದೆ ಅಂತ ಹೇಳಿ, ಗೆಳತಿಯರ ಜೊತೆ ಮಾಲ್‌ಗೆ ಹೋಗಿ ಡ್ಯಾನ್ಸ್‌ಗೆ ಡ್ರೆಸ್ ತಗೊಂಡಳು. ಇನ್ನೊಬ್ಬ ಹುಡುಗಿಯ ತಾಯಿಯಿಂದ ವಿಷಯ ಗೊತ್ತಾಯಿತು. ಅಪ್ಪ ಎರಡೂ ಬಂದ್ ಅಂದರು. ಡ್ಯಾನ್ಸೂ ಇಲ್ಲ, ನಾಟಕವೂ ಇಲ್ಲ. ಡ್ರಾಮಾ ಟೀಚರ್‌ಗೆ ಈಮೇಲ್ ಕೂಡ ಬರೆದಿಟ್ಟಿದ್ದರು. ಕಳಿಸುವ ಮುಂಚೆ ನನ್ನ ಹತ್ತಿರ ಬಂದರು, ಅದೊಂದು ಪುಣ್ಯ.

ಮೊದಲ ಅರ್ಧ ಗಂಟೆ ಬರೀ ವಾದ. ಅಮ್ಮನ ಪ್ರಶ್ನೆ ನೇರವಾಗಿತ್ತು: "ಇವಳಿಗೆ ಪಾರ್ಟೇ ಇಲ್ಲ ಮೇಡಂ. ಪರದೆ ಎಳೆಯೋಕೆ ದಿನಾ ಆರು ಗಂಟೆವರೆಗೆ ನಿಲ್ಲಬೇಕಾ?" ಅಪ್ಪ ಕೇಳಿದ್ದು, ಇದನ್ನು ಕಾಲೇಜ್ ಅಪ್ಲಿಕೇಶನ್‌ನಲ್ಲಿ ಹಾಕಿದರೆ ಏನಾದರೂ ತೂಕ ಬರುತ್ತದಾ ಅಂತ. ಹುಡುಗಿ ಕಿಟಕಿ ಕಡೆ ನೋಡುತ್ತಾ ಕೂತಿದ್ದಳು.

ನಾನು ಆಕೆಯನ್ನು ಕೇಳಿದೆ, "ನಾಟಕ ನಡೆಯುವಾಗ ನೀನು ಏನು ಮಾಡ್ತೀಯ? ಅಪ್ಪ ಅಮ್ಮಂಗೆ ಒಂದು ಪುಟ ತೋರಿಸ್ತೀಯಾ?"

ಬ್ಯಾಗಿನಿಂದ ದಪ್ಪ ಬೈಂಡರ್ ತೆಗೆದಳು. ಪೂರ್ತಿ ನಾಟಕ ಅದರಲ್ಲಿದೆ. ಪ್ರತಿ ಪುಟದ ಅಂಚಿನಲ್ಲಿ ಪೆನ್ಸಿಲ್ ಗುರುತುಗಳು. ಯಾರು ಯಾವ ಮಾತಿಗೆ ಎಲ್ಲಿಂದ ಬರಬೇಕು, ದೀಪ ಯಾವ ಪದಕ್ಕೆ ಬದಲಾಗಬೇಕು, ಬಾಗಿಲು ಬಡಿದ ಸದ್ದು ಯಾವಾಗ ಬರಬೇಕು, ಎಲ್ಲ ಅಲ್ಲಿದೆ. ಪೆನ್ಸಿಲ್ ಯಾಕೆ ಅಂದರೆ, ರಿಹರ್ಸಲ್‌ನಲ್ಲಿ ದಿನಾ ಏನಾದರೂ ಬದಲಾಗುತ್ತದೆ. ಪ್ರದರ್ಶನದ ದಿನ ಆಕೆ ಹೆಡ್‌ಸೆಟ್ ಹಾಕಿಕೊಂಡು ಕೂರುತ್ತಾಳೆ. "ಸ್ಟ್ಯಾಂಡ್‌ಬೈ, ಲೈಟ್ಸ್ 42" ಅನ್ನುತ್ತಾಳೆ, ಅಂದರೆ 42ನೇ ದೀಪದ ಬದಲಾವಣೆಗೆ ಸಿದ್ಧವಾಗಿರು ಅಂತ. ಲೈಟ್ ಬೋರ್ಡ್ ಹತ್ತಿರದ ಹುಡುಗ ಬಟನ್ ಮೇಲೆ ಬೆರಳಿಟ್ಟು ಕಾಯುತ್ತಾನೆ. ಸರಿಯಾದ ಪದ ಬಂದಾಗ ಆಕೆ "ಗೋ" ಅನ್ನುತ್ತಾಳೆ. ಆಕೆ ಅನ್ನುವವರೆಗೆ ಯಾರೂ ಬಟನ್ ಒತ್ತುವ ಹಾಗಿಲ್ಲ.

ಅಪ್ಪ ಪುಟವನ್ನು ತಮ್ಮ ಕಡೆ ತಿರುಗಿಸಿಕೊಂಡು ಓದಿದರು. ಆಮೇಲೆ ಅಂದರು, "ಯಕ್ಷಗಾನದ ಭಾಗವತರ ಹಾಗೆ, ಅಲ್ವಾ? ಅವರು ಪದ ಎತ್ತದೆ ಯಾರೂ ಕುಣಿಯೋ ಹಾಗಿಲ್ಲ." ಸ್ವಲ್ಪ ತಡೆದು ತಾವೇ ಸೇರಿಸಿದರು, "ಆದ್ರೆ ಭಾಗವತರು ಎಲ್ಲರಿಗೂ ಕಾಣಿಸ್ತಾರೆ."

ಅಮ್ಮ ಮಾತ್ರ ಸಡಿಲವಾಗಲಿಲ್ಲ. "ಇಷ್ಟು ದೊಡ್ಡ ಕೆಲಸ ಆದ್ರೆ ಅದರ ಹೆಸರು ಹೇಳಿ ಸುಳ್ಳು ಹೇಳೋಕೆ ಹೇಗೆ ಮನಸ್ಸು ಬಂತು?"

ಹುಡುಗಿ ಉತ್ತರ ಕೊಟ್ಟಳು. "ಲೈಬ್ರರಿ ಅಂದಿದ್ರೆ ಏನು ಓದಿದೆ ಅಂತ ನೀನು ಕೇಳ್ತಿದ್ದೆ. ಮ್ಯಾತ್ ಕ್ಲಬ್ ಅಂದಿದ್ರೆ ಅಪ್ಪ ಪ್ರಾಬ್ಲಮ್ ತೋರಿಸು ಅಂತಿದ್ರು. ನಾಟಕದ ಬಗ್ಗೆ ನೀವು ಯಾವತ್ತೂ ಏನೂ ಕೇಳಲ್ವಲ್ಲ ಅಮ್ಮ. ಅದಕ್ಕೇ ಅದನ್ನ ಹೇಳಿದೆ."

ಇದನ್ನು ಆಕೆ ಸಿಟ್ಟಿನಿಂದ ಹೇಳಲಿಲ್ಲ, ಲೆಕ್ಕ ಒಪ್ಪಿಸುವ ಹಾಗೆ ಹೇಳಿದಳು. ನನ್ನ ಸಲಹೆ ಪೂರ್ತಿ ನಿಂತಿರುವುದು ಈ ಮಾತಿನ ಮೇಲೆ. ಮಕ್ಕಳ ಬದುಕಿನಲ್ಲಿ ನಾವು ಕಣ್ಣು ಹಾಯಿಸದ ಒಂದು ಮೂಲೆ ಇದ್ದರೆ, ಸುಳ್ಳಿಗೆ ಮೊದಲು ಸಿಗುವುದು ಅದೇ.

ಅಪ್ಪ ಅಮ್ಮನಿಗೆ ನಾನು ಹೇಳಿದ್ದು ಇದು. ನಾಟಕ ಬಿಡಿಸಬೇಡಿ. ಟೆಕ್ ವೀಕ್ ಹತ್ತಿರ ಬಂದಿದೆ. ದೀಪ, ಸದ್ದು, ಸೆಟ್, ವೇಷ ಎಲ್ಲ ಮೊದಲ ಸಲ ಒಟ್ಟಿಗೆ ಸೇರುವ ವಾರ ಅದು. ಆ ಹೊತ್ತಿನಲ್ಲಿ ಸ್ಟೇಜ್ ಮ್ಯಾನೇಜರ್‌ನ ಎತ್ತಿಕೊಂಡು ಹೋದರೆ ಶಿಕ್ಷೆ ಆಗುವುದು ತಪ್ಪೇ ಮಾಡದ ಮಕ್ಕಳಿಗೆ. ಒಪ್ಪಿಕೊಂಡ ಕೆಲಸವನ್ನು ಕೊನೆಯವರೆಗೆ ಮಾಡು ಅಂತ ಚಿಕ್ಕಂದಿನಿಂದ ಹೇಳಿಕೊಟ್ಟವರು ನಾವೇ ಅಲ್ವಾ? ಪಾರ್ಟ್ ಇಲ್ಲದ ಮಕ್ಕಳು ಸುಮ್ನೆ ನಿಂತಿರುತ್ತಾರೆ ಅಂದುಕೊಳ್ಳುವುದೂ ತಪ್ಪು. 1929ರಲ್ಲಿ ಶುರುವಾದ ಇಂಟರ್‌ನ್ಯಾಷನಲ್ ಥೆಸ್ಪಿಯನ್ ಸೊಸೈಟಿ ಶಾಲಾ ಮಕ್ಕಳ ರಂಗಭೂಮಿ ಕೆಲಸವನ್ನು ಗುರುತಿಸುವ ಸಂಸ್ಥೆ. ಅದು ತೆರೆಯ ಹಿಂದೆ ದುಡಿದ ಗಂಟೆಗಳನ್ನೂ ಲೆಕ್ಕಕ್ಕೆ ಹಿಡಿಯುತ್ತದೆ.

ಅಪ್ಲಿಕೇಶನ್‌ನ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ. ಕೊಡಬಹುದಿತ್ತು. ಆದರೆ ಮಗು ಪ್ರೀತಿಯಿಂದ ಮಾಡುವ ಕೆಲಸಕ್ಕೆ ಮನೆಯಲ್ಲೇ ಬೆಲೆ ಕಟ್ಟಲು ಕೂತರೆ, ಅದನ್ನು ನಮ್ಮ ಮುಂದೆ ತೆರೆದಿಡುವುದನ್ನು ಮಗು ಬಿಟ್ಟುಬಿಡುತ್ತದೆ. ಇದು ನನ್ನ ಗಟ್ಟಿ ನಂಬಿಕೆ.

ಡ್ಯಾನ್ಸ್ ವಿಷಯದಲ್ಲಿ ನಾನು ಹೋಗಲಿ ಬಿಡಿ ಅನ್ನಲಿಲ್ಲ. ಇಲ್ಲೇ ಬೆಳೆದ ಕೆಲವು ಗೆಳೆಯರಿಗೆ ಇದು ಇಷ್ಟವಾಗುವುದಿಲ್ಲ. ಊರಿಂದ ಬಂದವರಿಗೆ ನಾನು ಅಮೆರಿಕದ ಪರ ಮಾತಾಡುತ್ತೇನೆ ಅನ್ನಿಸುತ್ತದೆ. ನನ್ನ ನಿಲುವು ಸರಳ. ಹದಿನಾರರ ಮಗುವಿಗೆ ಬೇಡ ಅನ್ನುವ ಹಕ್ಕು ತಂದೆ ತಾಯಿಗೆ ಇದೆ. ಆದರೆ ಅದು ಏನು ಅಂತ ತಿಳಿದುಕೊಂಡ ಮೇಲೆ ಬೇಡ ಅನ್ನಬೇಕು, ಕಾರಣವನ್ನೂ ಬಾಯಿಬಿಟ್ಟು ಹೇಳಬೇಕು. ಈ ಅಮ್ಮ ಅಂದುಕೊಂಡಿದ್ದು, ಜೋಡಿ ಇಲ್ಲದೆ ಅಲ್ಲಿಗೆ ಹೋಗುವ ಹಾಗೇ ಇಲ್ಲ, ರಾತ್ರಿ ಪೂರ್ತಿ ಹೊರಗಿರುತ್ತಾರೆ ಅಂತ. ಎಷ್ಟೋ ಮಕ್ಕಳು ಗೆಳತಿಯರ ಗುಂಪಿನಲ್ಲೇ ಹೋಗುತ್ತಾರೆ. ಬಹಳ ಕಡೆ ಶಾಲೆಯ ಜಿಮ್‌ನಲ್ಲೇ ನಡೆಯುತ್ತದೆ, ಟೀಚರ್‌ಗಳು ನಿಂತಿರುತ್ತಾರೆ. ಬೇರೆ ಶಾಲೆಯವರನ್ನು ಕರೆತರಲು ಸಾಮಾನ್ಯವಾಗಿ ಮೊದಲೇ ಫಾರ್ಮ್ ತುಂಬಬೇಕು. ಒಮ್ಮೆ ಹೊರಗೆ ಹೋದರೆ ಮತ್ತೆ ಒಳಗೆ ಬಿಡುವುದಿಲ್ಲ ಅನ್ನುವ ನಿಯಮವೂ ಅನೇಕ ಶಾಲೆಗಳಲ್ಲಿದೆ. ಚಿಂತೆ ಪಡಬೇಕಾದ್ದು ಡ್ಯಾನ್ಸ್ ಮುಗಿದ ಮೇಲಿನ ಹೊತ್ತಿನ ಬಗ್ಗೆ. ಯಾರ ಕಾರು, ಯಾರ ಮನೆ, ಆ ಮನೆಯಲ್ಲಿ ದೊಡ್ಡವರು ಇರುತ್ತಾರಾ, ಎಷ್ಟು ಗಂಟೆಗೆ ವಾಪಸ್? ಇಷ್ಟನ್ನು ಕೇಳಿ ತೀರ್ಮಾನ ಮಾಡಿ ಅಂದೆ.

ಹುಡುಗಿಗೂ ಹೇಳುವುದಿತ್ತು. ಅಪ್ಪ ಅಮ್ಮ ಕೇಳಲಿಲ್ಲ ಅನ್ನುವುದು ಸುಳ್ಳಿಗೆ ಕಾರಣ ಇರಬಹುದು, ಆದರೆ ಅದರಿಂದ ಸುಳ್ಳು ಸರಿಯಾಗುವುದಿಲ್ಲ. ಶನಿವಾರ ಎಲ್ಲಿದ್ದೀಯ ಅಂತ ಗೊತ್ತಿಲ್ಲದಿದ್ದರೆ, ಏನಾದರೂ ಆದಾಗ ಅವರು ನಿನ್ನನ್ನು ಹುಡುಕಿಕೊಂಡು ಹೋಗುವುದು ಶಾಲೆಗೆ. ಅಲ್ಲಿ ನೀನು ಇರುವುದಿಲ್ಲ. ಆಕೆ ತಲೆ ಬಗ್ಗಿಸಿದಳು. ಡ್ರೆಸ್ಸಿನ ದುಡ್ಡನ್ನು ತನ್ನ ಬೇಬಿಸಿಟ್ಟಿಂಗ್ ದುಡ್ಡಿನಿಂದ ತೀರಿಸುವುದು ಅಂತಾಯಿತು. ಅದು ಆಕೆಯದೇ ಸಲಹೆ.

ಈಮೇಲ್ ಹೋಗಲಿಲ್ಲ, ನಾಟಕ ನಡೆಯಿತು. ಡ್ಯಾನ್ಸ್‌ಗೆ ಈ ವರ್ಷ ಬೇಡ ಅಂತಲೇ ಅಪ್ಪ ಅಮ್ಮ ತೀರ್ಮಾನಿಸಿದರು, ಸುಳ್ಳೇ ಕಾರಣ ಅಂತ ಎದುರು ಕೂರಿಸಿಕೊಂಡು ಹೇಳಿದರು. ಹುಡುಗಿ ಅತ್ತಳು, ಆದರೆ ಒಪ್ಪಿದಳು. ಅಮ್ಮ ಮಾತ್ರ ಈಗಲೂ ಮಗಳ ಫೋನಿನ ಲೊಕೇಶನ್ ನೋಡುತ್ತಲೇ ಇರುತ್ತಾರೆ. ಅದನ್ನು ಯಾವಾಗ ನಿಲ್ಲಿಸುತ್ತೀರಿ ಅಂತ ಒಂದು ತಾರೀಖು ಗೊತ್ತು ಮಾಡಿ, ಮಗಳಿಗೂ ತಿಳಿಸಿ ಅಂದಿದ್ದೇನೆ. ತಾರೀಖು ಇನ್ನೂ ಬಂದಿಲ್ಲ, ಮುಂದಿನ ಭೇಟಿಯಲ್ಲಿ ಮತ್ತೆ ಕೇಳುತ್ತೇನೆ.