ಮ್ಯಾಂಗನೀಸ್ ಕೊಟ್ಟ ಇಲಿ ಸತ್ತಿದ್ದೇಕೆ?

ಕಿಲೋಗೆ 66 ಮಿಲಿಗ್ರಾಂ ಮ್ಯಾಂಗನೀಸ್ ಕ್ಲೋರೈಡನ್ನು ಹೊಟ್ಟೆಗೆ ಒಂದೇ ಸಲ ಚುಚ್ಚಿದಾಗ ಎರಡು ಇಲಿ ಸತ್ತವು, ಮಿದುಳು ಬೆಳಗಿ ಕಾಣಲೆಂದು ಇದನ್ನು ಕೊಟ್ಟಿದ್ದರೂ ಉಳಿದವುಗಳ ಮಿದುಳು ಎರಡು ಗಂಟೆಯ ನಂತರವೂ ಎಂಆರ್‌ಐ ಚಿತ್ರದಲ್ಲಿ ಮಂಕಾಗಿತ್ತು ಎಂದಿದ್ದೀರಿ.

ಮೊದಲು ಬಾಟಲಿಯ ಚೀಟಿ ನೋಡಿ. ನಾಲ್ಕು ನೀರಿನ ಅಣುಗಳಿರುವ ಲವಣದ ಅಣುತೂಕ 197.9, ನಿರ್ಜಲ ಲವಣದ್ದು 125.8. ಮೊದಲನೆಯದಕ್ಕೆ ಬರೆದ ಪ್ರಮಾಣವನ್ನು ಎರಡನೆಯದರಲ್ಲಿ ತೂಗಿದರೆ ಒಂದೂವರೆ ಪಟ್ಟಿಗೂ ಹೆಚ್ಚು ಮ್ಯಾಂಗನೀಸ್ ಒಳಹೋಗುತ್ತದೆ. ಇಲಿಗಳ ಸಾವಿಗೆ ನನ್ನ ಮೊದಲ ಅನುಮಾನ ಇದರ ಮೇಲೆಯೇ.

ಮ್ಯಾಂಗನೀಸ್ ಅಯಾನು (ವಿದ್ಯುದಾವೇಶವಿರುವ ಕಣ) ಕ್ಯಾಲ್ಸಿಯಂನ ವೇಷದಲ್ಲಿ ಅದರದೇ ಬಾಗಿಲಿನಿಂದ ನರಕೋಶದೊಳಗೆ ನುಗ್ಗುತ್ತದೆ. ಚುರುಕಾಗಿರುವ ಕೋಶಗಳು ಚಿತ್ರದಲ್ಲಿ ಬೆಳಗುವುದು ಹಾಗೆ. ಹೃದಯ ತತ್ತರಿಸುವುದಕ್ಕೂ ಕ್ಯಾಲ್ಸಿಯಂನ ಜಾಗಕ್ಕೆ ಹೀಗೆ ಕೈಹಾಕುವುದೇ ಕಾರಣ. ಆದ್ದರಿಂದ ಒಂದೇ ಏಟಿಗೆ ಕೊಡಬೇಡಿ. ಕಿಲೋಗೆ 30 ಮಿಲಿಗ್ರಾಂನಂತೆ ದಿನಕ್ಕೊಂದು ಚುಚ್ಚುಮದ್ದು, ಕೆಲವು ದಿನ, ಆಮೇಲೆ ಸ್ಕ್ಯಾನ್. ನಿಮ್ಮ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆಗೆ ಈ ಬದಲಾವಣೆಯನ್ನೂ ಸೇರಿಸಿಕೊಳ್ಳಿ. ದ್ರಾವಣದ ಆಮ್ಲತೆಯನ್ನು ಸ್ಥಿರವಾಗಿಡಲು ಫಾಸ್ಫೇಟ್ ಬಫರ್ ಬೇಡವೇ ಬೇಡ, ತಳದಲ್ಲಿ ಗಷ್ಟು ಕೂರುತ್ತದೆ. ಬೈಸಿನ್ ಎಂಬ ಬಫರ್ ಬಳಸಿ.

ಮಂಕಿಗೆ ಕಾರಣ ಅವಸರ. ಮೊದಲ ಕೆಲವು ಗಂಟೆಗಳಲ್ಲಿ ಬೆಳಗುವುದು ಮುಖ್ಯವಾಗಿ ಪಿಟ್ಯುಟರಿ ಗ್ರಂಥಿ ಮತ್ತು ಮಿದುಳಿನ ಕುಹರಗಳು (ದ್ರವ ತುಂಬಿದ ಪೊಳ್ಳುಗಳು). ನೆನಪಿಗೆ ನೆರವಾಗುವ ಹಿಪೊಕ್ಯಾಂಪಸ್‌ನ ಪದರಗಳು, ವಾಸನೆ ಗ್ರಹಿಸುವ ಘ್ರಾಣ ಗೆಡ್ಡೆಯ ಬಳೆಯಂಥ ಪದರಗಳು ಬಿಡಿಬಿಡಿಯಾಗಿ ಕಾಣಲು ಸುಮಾರು 24 ಗಂಟೆ ಬೇಕು. ಮರುದಿನ ಟಿ1 ಚಿತ್ರ (ಮ್ಯಾಂಗನೀಸ್ ಸೇರಿದ ಜಾಗ ಬೆಳಗಿ ಕಾಣುವ ಎಂಆರ್‌ಐ ಚಿತ್ರ) ತೆಗೆಯಿರಿ. ಅದೇ ಇಲಿಯನ್ನು ಮತ್ತೆ ಬಳಸುವುದಿದ್ದರೆ ಕೆಲವು ವಾರ ಬಿಡಿ; ಮಿದುಳಿಗೆ ಸೇರಿದ ಮ್ಯಾಂಗನೀಸ್ ಬೇಗ ಜಾಗ ಖಾಲಿ ಮಾಡುವುದಿಲ್ಲ.