ಮಗಳನ್ನು ಸಿಯೋಲ್‌ನ ವಿಶ್ವ ಯುವ ದಿನಕ್ಕೆ ಕಳಿಸಲು ಹೆದರಿದರೆ ವಿಶ್ವಾಸ ಕಮ್ಮಿ ಅಂತಲಾ?

ಹತ್ತೊಂಬತ್ತು ವರ್ಷದ ಮಗಳು 2027ರ ಆಗಸ್ಟ್‌ನಲ್ಲಿ ಸಿಯೋಲ್‌ಗೆ, ಕಥೋಲಿಕ ಯುವಜನರು ಪೋಪ್ ಜೊತೆ ಸೇರುವ ವಿಶ್ವ ಯುವ ದಿನಕ್ಕೆ ಹೊರಟಿದ್ದಾಳೆ. ನಿಮ್ಮ ಯಜಮಾನರು ‘ಪಕ್ಕದಲ್ಲೇ ಉತ್ತರ ಕೊರಿಯಾ, ಬೇಡ’ ಅಂತಾರೆ. ಫಾದರ್ ‘ವಿಶ್ವಾಸ ಇಡಿ’ ಅಂದರು. ನಡುವೆ ನೀವು ಸಿಕ್ಕಿಕೊಂಡಿದ್ದೀರಿ, ಅಲ್ವಾ?

ನಮ್ಮ ಮನೆಯಲ್ಲೂ ಇದೇ ಆಗಿತ್ತು, 2016ರಲ್ಲಿ. ನನಗೆ ಆಗ 22. ಆ ಸಲದ ವಿಶ್ವ ಯುವ ದಿನಕ್ಕೆ ಪೋಲೆಂಡಿನ ಕ್ರಾಕೋವ್‌ಗೆ ಹೊರಟಿದ್ದೆ. ಜುಲೈ 14ಕ್ಕೆ ಫ್ರಾನ್ಸಿನ ನೀಸ್‌ನಲ್ಲಿ ಜನರ ಮೇಲೆ ಲಾರಿ ಹರಿಸಿದರು. ಟಿಕೆಟ್ ಕ್ಯಾನ್ಸಲ್ ಮಾಡಿದರೆ ಎಷ್ಟು ವಾಪಸ್ ಬರುತ್ತೆ ಅಂತ ಪಪ್ಪ ಕೇಳಿದರು. ಹಟ ಮಾಡಿ ಹೋದೆ. ಜುಲೈ 26, ಕಾರ್ಯಕ್ರಮದ ಮೊದಲ ದಿನ. ಅವತ್ತೇ ಬೆಳಿಗ್ಗೆ ಫ್ರಾನ್ಸಿನ ಒಂದು ಇಗರ್ಜಿಯಲ್ಲಿ ಪೂಜೆ ಅರ್ಪಿಸುತ್ತಿದ್ದ 85 ವರ್ಷದ ಫಾದರ್ ಜಾಕ್ ಹಾಮೆಲ್ ಅವರನ್ನು ಇಬ್ಬರು ಚಾಕುವಿನಿಂದ ಕೊಂದರು. ಸಂಜೆ ಪಪ್ಪನ ಫೋನ್. ‘ಇಗರ್ಜಿ ಒಳಗಿದ್ದವರನ್ನೇ ಬಿಡಲಿಲ್ಲ. ನೀವೆಲ್ಲ ಬಯಲಲ್ಲಿ ಕೂತಿದ್ದೀರಿ.’ ‘ದೇವರಿದ್ದಾನೆ ಪಪ್ಪ’ ಅಂದೆ. ಆ ಕಡೆ ಮಾತಿಲ್ಲ. ಅದು ಉತ್ತರ ಆಗಿರಲಿಲ್ಲ, ಫೋನ್ ಇಡೋಕೆ ಒಂದು ನೆಪ ಅಷ್ಟೇ.

ಈಗ ಯೋಚಿಸಿದರೆ ಪಪ್ಪ ಹೆದರಿದ್ದು ತಪ್ಪಲ್ಲ, ಹೆದರಿದ ದಿಕ್ಕು ಬೇರೆ. ಕ್ರಾಕೋವ್‌ನಲ್ಲಿ ನಮ್ಮ ಮೇಲೆ ಯಾವ ದಾಳಿಯೂ ಆಗಲಿಲ್ಲ. ಆದರೆ ಅಲ್ಲಿಂದ ಮನೆಗೆ ಮರಳುವಾಗ ಇಟಲಿಯ 19ರ ಹುಡುಗಿಯೊಬ್ಬಳು ಮೆನಿಂಜೈಟಿಸ್ (ಮಿದುಳಿನ ಪೊರೆಯ ಸೋಂಕು) ಬಂದು ವಿಯೆನ್ನಾದಲ್ಲಿ ತೀರಿಕೊಂಡಳು. 2025ರಲ್ಲಿ ರೋಮ್‌ನ ಯುವಜನರ ಜುಬಿಲಿಗೆ (ಅದೂ ಇಂಥದೇ ಕಥೋಲಿಕ ಯುವ ಸಮಾವೇಶ) ಹೋಗಿದ್ದ ಇಬ್ಬರು ಹುಡುಗಿಯರು ತೀರಿಕೊಂಡದ್ದು ಹೃದಯದ ತೊಂದರೆಯಿಂದ. ಇನ್ನು ಸಿಯೋಲ್ ಅಂದರೆ ನನಗೆ ಕಿಮ್ ಜಾಂಗ್ ಉನ್‌ಗಿಂತ ಮೊದಲು ನೆನಪಾಗುವುದು ಅಲ್ಲಿನ ಇಟೇವಾನ್ ಬಡಾವಣೆ. 2022ರ ಅಕ್ಟೋಬರ್ 29ರ ರಾತ್ರಿ ಅಲ್ಲಿನ ಒಂದು ಇಕ್ಕಟ್ಟಾದ ಗಲ್ಲಿಯ ನೂಕುನುಗ್ಗಲಿಗೆ 159 ಜನ ಬಲಿಯಾದರು, ಹೆಚ್ಚಿನವರು ಚಿಕ್ಕ ವಯಸ್ಸಿನವರೇ. ಅದಕ್ಕೆ ಕೊರಿಯಾಕ್ಕೇ ಹೋಗಬೇಕಂತಿಲ್ಲ ಬಿಡಿ, 2025ರ ಜೂನ್‌ನಲ್ಲಿ ನಮ್ಮ ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ 11 ಜನ ಸತ್ತಿದ್ದೂ ಹಾಗೇ.

ಕ್ರಾಕೋವ್‌ನ ಕೊನೆಯ ಪೂಜೆ ಊರ ಹೊರಗಿನ ದೊಡ್ಡ ಬಯಲಲ್ಲಿ. ಹಿಂದಿನ ರಾತ್ರಿ ಅಲ್ಲೇ ಮಲಗಿದ್ದೆವು. ಪೂಜೆ ಮುಗಿದದ್ದೇ ಎಲ್ಲರೂ ಒಂದೇ ದಾರಿಗೆ ನುಗ್ಗಿದರು. ನನ್ನ ಬ್ಯಾಗ್ ಮುಂದಿನವನ ಬೆನ್ನಿಗೆ ಒತ್ತಿಕೊಂಡಿತ್ತು, ಕಾಲು ಎತ್ತಿದರೆ ಇಡೋಕೆ ಜಾಗ ಇಲ್ಲ. ನಮ್ಮ ಜೊತೆಗಿದ್ದ ಸಿಸ್ಟರ್ ಛತ್ರಿ ಮೇಲೆತ್ತಿ, ಒಬ್ಬೊಬ್ಬರನ್ನೇ ತೋಳು ಹಿಡಿದು ಪಕ್ಕದ ಹುಲ್ಲಿಗೆ ಎಳೆದರು. ‘ಕೂತ್ಕೊಳ್ಳಿ. ಬಸ್ ಹೋದರೆ ಹೋಗಲಿ.’ ಎರಡು ಗಂಟೆ ಕೂತೆವು. ಮುರಿದ ಬಿಸ್ಕತ್ತು ಹಂಚಿ ತಿಂದೆವು, ಒಂದು ಸುತ್ತು ಜಪಸರ ಆಯಿತು. ದಾರಿ ಖಾಲಿಯಾದ ಮೇಲೆ ಎದ್ದೆವು. ಅಷ್ಟು ಜನರ ನಡುವೆ ವಿಶ್ವಾಸ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನನಗೆ ಆ ಛತ್ರಿಯೇ ಕಣ್ಣಿಗೆ ಬರುತ್ತೆ.

ನಿಮ್ಮ ವಾಟ್ಸಾಪ್‌ಗೂ ಈಗ 91ನೇ ಕೀರ್ತನೆ ಬರ್ತಿರಬೇಕು. ಕಾಲು ಕಲ್ಲಿಗೆ ತಗಲದ ಹಾಗೆ ದೂತರು ಎತ್ತಿಕೊಳ್ಳುತ್ತಾರೆ ಅನ್ನೋ ಸಾಲು. ಚಂದದ ಸಾಲೇ. ಆದರೆ ಮತ್ತಾಯನ ಶುಭಸಂದೇಶದಲ್ಲಿ ಅದನ್ನು ಹೇಳಿ ‘ದೇವಾಲಯದ ಮೇಲಿಂದ ಹಾರು’ ಅನ್ನುವವನು ಸೈತಾನ. ಯೇಸು ಹಾರಲಿಲ್ಲ. ಇದನ್ನು ಫಾದರ್‌ಗೆ ನಗುತ್ತಲೇ ನೆನಪಿಸಿ.

ನಾನಾದರೆ ಕಳಿಸುತ್ತೇನೆ. ಆದರೆ ಹಣ ಕಟ್ಟುವ ಮೊದಲು ನಿಮ್ಮ ಯಜಮಾನರನ್ನೇ ತಂಡದ ಮುಖಂಡರ ಎದುರು ಕೂರಿಸಿ. ಎಷ್ಟು ಮಕ್ಕಳಿಗೆ ಒಬ್ಬ ದೊಡ್ಡವರು? ರಾತ್ರಿ ಎಲ್ಲಿ ಮಲಗ್ತಾರೆ? ಯಾರಾದರೂ ತಪ್ಪಿಸಿಕೊಂಡರೆ ಎಲ್ಲಿ ಸೇರಬೇಕು? ಇನ್ಶೂರೆನ್ಸ್ ಕಾಗದ ಯಾರ ಹತ್ತಿರ ಇರುತ್ತೆ? ಇದಕ್ಕೆಲ್ಲ ‘ದೇವರು ನೋಡ್ಕೋತಾನೆ’ ಅನ್ನುವ ತಂಡವಾದರೆ ಆ ತಂಡದ ಜೊತೆ ಬೇಡ. ಮೆನಿಂಜೈಟಿಸ್ ಲಸಿಕೆ ಬೇಕಾ ಅಂತ ಡಾಕ್ಟರನ್ನು ಕೇಳಿ. ಕೊರಿಯಾದಲ್ಲಿ ಪೊಲೀಸರಿಗೆ 112, ಆಂಬುಲೆನ್ಸ್‌ಗೆ 119. ಮಗಳಿಗೆ ಬಾಯಿಪಾಠ ಆಗಿರಲಿ. ಆಗಸ್ಟ್‌ನಲ್ಲಿ ಅಲ್ಲಿ ಸೆಕೆಯೂ ಜಾಸ್ತಿ, ಮಳೆಯೂ ಇರುತ್ತೆ. ಛತ್ರಿಯ ಜೊತೆ ರೈನ್‌ಕೋಟೂ ಹಾಕಿ ಕಳಿಸಿ.