ದೇವರ ಎಚ್ಚರಿಕೆಯೋ, ನನ್ನದೇ ಅಳುಕೋ?

ಪ್ರಶ್ನೆ: ಅಯ್ಯನವರೇ, ನನ್ನ ಹೆಂಡತಿಯ ತಮ್ಮ ಲಾರಿ ಕೊಳ್ಳಲು ಸಹಕಾರ ಸಂಘದಲ್ಲಿ ಸಾಲ ಪಡೆಯುತ್ತಿದ್ದು, ನನ್ನನ್ನು ಜಾಮೀನು ಹಾಕುವಂತೆ ಕೇಳಿದ್ದಾನೆ. ಹಿಂದಿನ ಸಾಲದ ಕಂತುಗಳನ್ನೂ ಅವನು ಸರಿಯಾಗಿ ಕಟ್ಟಿಲ್ಲವಾದ್ದರಿಂದ ನನ್ನ ಹೆಂಡತಿಯೇ ಬೇಡವೆನ್ನುತ್ತಾಳೆ. ಪ್ರಾರ್ಥಿಸಿ ಸತ್ಯವೇದ ತೆರೆದಾಗ ಭಯಪಡಬೇಡವೆಂಬ ವಚನ ಕಣ್ಣಿಗೆ ಬಿತ್ತು. ಕಾಗದಪತ್ರಗಳೂ ಅಡ್ಡಿಯಿಲ್ಲದೆ ಸಿದ್ಧವಾದವು. ಇದನ್ನು ದೇವರ ನಡೆಸುವಿಕೆಯೆಂದು ತಿಳಿಯಬಹುದೇ? ಮನಸ್ಸಿಗೆ ಮಾತ್ರ ಸಮಾಧಾನವಿಲ್ಲ.

ಉತ್ತರ: ನೀವು ಸತ್ಯವೇದವನ್ನು ಎಲ್ಲಿ ತೆರೆದಿರೋ ಅಲ್ಲಿ ಆ ವಚನ ಸಿಕ್ಕಿರಬಹುದು, ಆದರೆ ನಿಮ್ಮ ವಿಷಯವನ್ನೇ ನೇರವಾಗಿ ಹೇಳುವ ಮಾತುಗಳು ಜ್ಞಾನೋಕ್ತಿಗಳು 6ನೆಯ ಮತ್ತು 22ನೆಯ ಅಧ್ಯಾಯಗಳಲ್ಲಿವೆ. ಮತ್ತೊಬ್ಬನಿಗೆ ಹೊಣೆಯಾದವನು ಕಣ್ಣಿಗೆ ನಿದ್ದೆ ಕೊಡದೆ, ಬೇಟೆಗಾರನ ಕೈಯಿಂದ ಜಿಂಕೆ ತಪ್ಪಿಸಿಕೊಳ್ಳುವಂತೆ ತಪ್ಪಿಸಿಕೊಳ್ಳಲಿ ಎಂದು ಮೊದಲನೆಯದು ಹೇಳಿದರೆ, ತೀರಿಸಲು ಗತಿಯಿಲ್ಲದಿದ್ದಾಗ ಮಲಗುವ ಹಾಸಿಗೆಯನ್ನೂ ಕಿತ್ತುಕೊಂಡಾರು ಎಂದು ಎರಡನೆಯದು ಎಚ್ಚರಿಸುತ್ತದೆ. ದೇವರು ಈಗಾಗಲೇ ಸ್ಪಷ್ಟವಾಗಿ ಹೇಳಿರುವುದನ್ನು ಬದಿಗಿಟ್ಟು ಹೊಸ ಗುರುತಿಗಾಗಿ ಪುಟ ತಿರುವುವುದು ಚೀಟಿ ಎತ್ತುವುದಕ್ಕಿಂತ ಬೇರೆಯಲ್ಲ. (ಹೊಸ ವರ್ಷದ ಆರಾಧನೆಯಲ್ಲಿ ತೆಗೆದುಕೊಳ್ಳುವ, ವಚನ ಬರೆದ ವಾಗ್ದಾನದ ಕಾರ್ಡನ್ನು ಇಡೀ ವರ್ಷದ ತೀರ್ಮಾನಗಳಿಗೆಲ್ಲ ಹಚ್ಚುವವರಿಗೂ ಈ ಮಾತು ಸಲ್ಲುತ್ತದೆ.)

ಕಾಗದಪತ್ರಗಳು ಸರಾಗವಾಗಿ ಸಿದ್ಧವಾದುದರ ಬಗ್ಗೆ ಅಪೊಸ್ತಲರ ಕೃತ್ಯಗಳ 27ನೆಯ ಅಧ್ಯಾಯವನ್ನು ನಿಧಾನವಾಗಿ ಓದಿರಿ. ಅಪೊಸ್ತಲನಾದ ಪೌಲನನ್ನು ಸೆರೆಯಾಳಾಗಿ ರೋಮಿಗೆ ಒಯ್ಯುತ್ತಿದ್ದ ಹಡಗು ಕ್ರೇತ ದ್ವೀಪದ ಚಂದರೇವಿಗೆ ಬಂದಾಗ ಯೆಹೂದ್ಯರ ವಾರ್ಷಿಕ ಉಪವಾಸದ ದಿನ ಕಳೆದು, ಸಮುದ್ರಯಾನಕ್ಕೆ ಅಪಾಯದ ಕಾಲ ಬಂದಿತ್ತು. ಮುಂದೆ ಹೋದರೆ ಸರಕಿಗೂ ಹಡಗಿಗೂ ಪ್ರಾಣಕ್ಕೂ ಹಾನಿಯಾದೀತೆಂದು ಪೌಲನು ಎಚ್ಚರಿಸಿದರೂ, ಶತಾಧಿಪತಿಯಾದ ಯೂಲ್ಯನು ನಾವಿಕನ ಮತ್ತು ಹಡಗಿನ ಯಜಮಾನನ ಮಾತನ್ನೇ ಹೆಚ್ಚಾಗಿ ನಂಬಿದನು. ಆ ರೇವು ಚಳಿಗಾಲ ಕಳೆಯಲು ಅನುಕೂಲವಾಗಿರಲಿಲ್ಲವಾದ್ದರಿಂದ ಬಹುಮಂದಿಯೂ ಹೊರಡುವುದೇ ಲೇಸೆಂದರು. ಆಗ ದಕ್ಷಿಣದ ಗಾಳಿ ಮೆಲ್ಲಗೆ ಬೀಸಿತು, ಅವರೂ ತಮ್ಮ ಉದ್ದೇಶ ಕೈಗೂಡಿತೆಂದು ಲಂಗರು ಎತ್ತಿದರು. ಸ್ವಲ್ಪ ಹೊತ್ತಿನಲ್ಲೇ ಬಿರುಗಾಳಿ ಹಡಗನ್ನು ಹಿಡಿಯಿತು. ಅನುಕೂಲವಾದ ಗಾಳಿ ಬೀಸಿದ ಮಾತ್ರಕ್ಕೆ ಅದು ದೇವರ ಅಪ್ಪಣೆಯಾಗಲಿಲ್ಲ.

ಇನ್ನೊಂದು ಸಂಗತಿಯನ್ನು ನಾವು ಓದುವಾಗ ದಾಟಿಹೋಗುತ್ತೇವೆ. ಆ ಮೊದಲ ಎಚ್ಚರಿಕೆಯನ್ನು ಕೊಡುವಾಗ ಪೌಲನು ದೇವದೂತನ ಹೆಸರನ್ನಾಗಲಿ ದರ್ಶನದ ಹೆಸರನ್ನಾಗಲಿ ಎತ್ತಲಿಲ್ಲ, ತನಗೆ ಹೀಗೆ ತೋರುತ್ತದೆ ಎಂದಷ್ಟೇ ಹೇಳಿದನು. ಅದಕ್ಕೂ ಮೊದಲೇ ಮೂರು ಸಾರಿ ಹಡಗು ಒಡೆದು ಕಷ್ಟಪಟ್ಟವನು ಅವನೆಂಬುದು ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯಿಂದ ತಿಳಿಯುತ್ತದೆ. ಅನುಭವಸ್ಥನ ಸಾದಾ ಮಾತಿನ ರೂಪದಲ್ಲಿ ಬಂದುದರಿಂದಲೇ ಬಹುಶಃ ಅದನ್ನು ಯಾರೂ ಲಕ್ಷಿಸಲಿಲ್ಲ. ನಿಮ್ಮ ಮನೆಯಲ್ಲಿ ಆ ಮಾತನ್ನು ಆಡುತ್ತಿರುವವರು ನಿಮ್ಮ ಪತ್ನಿ. ಸ್ವಂತ ತಮ್ಮನ ವಿಷಯದಲ್ಲಿಯೇ ಅಕ್ಕ ಬೇಡವೆಂದರೆ, ಅದರ ತೂಕವನ್ನು ನೀವು ಇನ್ನಾರಿಂದ ಕೇಳಿ ತಿಳಿಯಬೇಕು?

ಲೌಕಿಕ ಸಂಗತಿಯನ್ನೂ ಹೇಳಿಬಿಡುತ್ತೇನೆ. 1872ರ ಭಾರತೀಯ ಕರಾರು ಕಾಯ್ದೆಯ 128ನೆಯ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ಷರತ್ತು ಇಲ್ಲದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಇರುತ್ತದೆ. ನಿಮ್ಮ ಕೈಲಾದಷ್ಟು ಹಣವನ್ನು, ಹಿಂದಿರುಗದಿದ್ದರೂ ಸರಿಯೆಂದು ಕೊಟ್ಟು ಸಹಾಯ ಮಾಡಿರಿ, ಸಹಿ ಹಾಕಬೇಡಿರಿ.

ಪ್ರಶ್ನೆ: ಸೆರೆ ಕಾದಿದೆಯೆಂದು ಪ್ರವಾದಿಯಾದ ಅಗಬನು ಎಚ್ಚರಿಸಿದರೂ ಪೌಲನು ಯೆರೂಸಲೇಮಿಗೆ ಹೋದನಲ್ಲ, ಅದು ಅವಿಧೇಯತೆಯಲ್ಲವೇ?

ಉತ್ತರ: ಅಲ್ಲವೆಂದು ನನ್ನ ಅಭಿಪ್ರಾಯ. ಕೈಸರೈಯದಲ್ಲಿ ಅಗಬನು ಪೌಲನ ನಡುಕಟ್ಟಿನಿಂದ ತನ್ನ ಕೈಕಾಲುಗಳನ್ನು ಕಟ್ಟಿಕೊಂಡು, ಆ ನಡುಕಟ್ಟಿನ ಯಜಮಾನನಿಗೆ ಆಗಲಿರುವುದನ್ನು ತಿಳಿಸಿದನೇ ಹೊರತು ಹೋಗಕೂಡದೆಂದು ಹೇಳಲಿಲ್ಲ. ತೂರ್ ಪಟ್ಟಣದ ಶಿಷ್ಯರು ಹೋಗಬೇಡವೆಂದದ್ದು ನಿಜ. ಆದರೆ ಅದಕ್ಕೂ ಮೊದಲು, ಎಫೆಸದ ಸಭೆಯ ಹಿರಿಯರ ಮುಂದೆಯೇ, ಪಟ್ಟಣಪಟ್ಟಣದಲ್ಲಿಯೂ ಬೇಡಿಗಳು ಕಾದಿವೆಯೆಂದು ಪವಿತ್ರಾತ್ಮನು ತಿಳಿಸುತ್ತಿದ್ದಾನೆಂದು ಪೌಲನೇ ಹೇಳಿದ್ದನು. ಅವನು ಬೆಲೆಯನ್ನು ತಿಳಿದು ಹೊರಟನು, ಆ ಬೆಲೆಯನ್ನು ಸ್ವತಃ ತೆರಲು ಸಿದ್ಧನಿದ್ದನು. ಮೇಲಿನ ಪ್ರಶ್ನೆಯಲ್ಲಿರುವ ಜಾಮೀನಿನ ಬೆಲೆಯಾದರೋ ಹೆಂಡತಿ ಮಕ್ಕಳ ಮೇಲೂ ಬೀಳುತ್ತದೆ.